ಕಿತ್ತಳೆ ಈಗಲೂ ಬೆಳ್ಳಗಾಗುತ್ತದೆಯೇ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಸೆಪ್ಟೆಂಬರ್ ೨೧

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆರಳ ತುದಿಯ ಬಿರುಕುಗಳು ಮಾಯ್ದವೇ? ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನವಿಡೀ ಬಿಸಿ ಆವಿ ಎಂದು ಅಮ್ಮನಿಗೆ ಬರೆದಿದ್ದೆಯಲ್ಲ, ಅದು ಬಿರುಕಿಗೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಮಲಗುವ ಮುಂಚೆ ವ್ಯಾಸಲಿನ್ ಹಚ್ಚಿ ಹಳೆಯ ಕಾಲುಚೀಲವನ್ನು ಕೈಗೆ ಹಾಕಿಕೋ. ನೋಡುವವರಿಗೆ ನಗು ಬರುತ್ತದೆ, ಆದರೆ ಬೆಳಗ್ಗೆ ಕೈ ಮಡಚಲು ಬರುತ್ತದೆ. ಅಮ್ಮನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ನೋಯುವುದಿಲ್ಲ, ಇಳಿಯುವಾಗ ಮಾತ್ರ ನೋಯುತ್ತದೆ ಎನ್ನುತ್ತಾಳೆ. ಹಾಗಾಗಿ ಒಮ್ಮೆ ಹತ್ತಿದರೆ ಇಳಿಯುವುದೇ ಇಲ್ಲ. ಕೆಳಗಿನ ಮನೆಯವರ ಜೊತೆ ಮಾತೆಲ್ಲ ಕಿಟಕಿಯಿಂದಲೇ. ಇದರಿಂದ ಬೀದಿಗೆಲ್ಲ ನಮ್ಮ ಮನೆಯ ಸಂಗತಿ ನಮಗಿಂತ ಮುಂಚೆ ಗೊತ್ತಾಗುತ್ತಿದೆ.

ಅಮ್ಮನಿಗೆ ಬರೆದ ಕಾಗದದ ಕೊನೆಯಲ್ಲಿ ನೀನು ಒಂದು ಸಾಲು ಸೇರಿಸಿದ್ದೆ: ಮೂಗಿಯನ್ನು ಕೇಳು, ಕಿತ್ತಳೆ ಈಗಲೂ ಬೆಳ್ಳಗಾಗುತ್ತದೆಯೇ ಎಂದು. ಅಮ್ಮ ಅದನ್ನು ಓದಿಸಿಕೊಂಡು, ಕಿತ್ತಳೆಹಣ್ಣು ತಂದೇ ಎಷ್ಟು ದಿನವಾಯ್ತು, ಅದ್ಯಾಕೆ ಬೂಷ್ಟು ಹಿಡಿಯುತ್ತೆ ಅಂದಳು. ಒಂದು ವರ್ಷದಲ್ಲಿ ನನಗೆಂದು ನೀನು ಬರೆದ ಮೊದಲ ಸಾಲು ಅದು. ಆ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು, ಕೆಲಸಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ನೋಡುತ್ತಿದ್ದೆ. ಉತ್ತರ ಗೊತ್ತಾಗುವವರೆಗೆ ಬರೆಯಬಾರದು ಅಂದುಕೊಂಡೆ. ಈಗ ಗೊತ್ತಾಗಿದೆ. ಆದರೆ ಒಂದೇ ಸಾಲಿನಲ್ಲಿ ಹೇಳಲು ಬರುವುದಿಲ್ಲ, ನೀನು ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಬೇಕು. ಐದನೇ ಕ್ಲಾಸಿನ ನಂತರ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

ನೀನು ಆ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಾ ಏಳು ವರ್ಷ ಇದ್ದೆ, ಆದರೆ ಒಳಗಿನ ಕೋಣೆಗೆ ಕಾಲಿಟ್ಟವಳಲ್ಲ. ಗೋಡೆಯ ಕಿಂಡಿಯಲ್ಲಿ ಕೊಳಕು ಫ್ಲಾಸ್ಕ್ ಈಚೆ ಬರುತ್ತಿತ್ತು, ತೊಳೆದದ್ದು ಆಚೆ ಹೋಗುತ್ತಿತ್ತು. ನಾವು ಕಿತ್ತಳೆ ಅನ್ನುವ ಆ ಹರಳನ್ನು ನೀನು ಕಂಡದ್ದು ತಳದಲ್ಲಿ ಅಂಟಿಕೊಂಡ ಚೂರಾಗಿ ಮಾತ್ರ. ಈಗ ನಿನ್ನ ಜಾಗದಲ್ಲಿ ನಾನು, ಒಳಗಿನ ಮೇಜು ಒರೆಸುವ ಕೆಲಸವೂ ನನ್ನದೇ. ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಅಲ್ಲಿ ನಾನೊಬ್ಬಳೇ. ಆಮೇಲೆ ಪ್ರಯೋಗ ಮಾಡುವ ಗಡಿಯಾರ ಮೇಡಂ ಬರುತ್ತಾರೆ. ನೀನಿಟ್ಟ ಹೆಸರು ಈಗಲೂ ಸರಿಯಾಗಿಯೇ ಇದೆ, ಒಂಬತ್ತಕ್ಕೆ ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ. ನಾನು ಬಟ್ಟೆ ಹಿಂಡುತ್ತಾ ನಿಧಾನ ಮಾಡುತ್ತೇನೆ. ಅವರು ಓಡಿಸುವುದಿಲ್ಲ. ಮಾತಾಡದವಳೆಂದು ನೀವೆಲ್ಲ ಮೂಗಿ ಅನ್ನುವ ನನ್ನಿಂದ ಗದ್ದಲವಿಲ್ಲ ನೋಡು, ಅವರಿಗೆ ನಾನು ಇದ್ದೇನೆಂಬುದೇ ಮರೆತುಹೋಗುತ್ತದೆ. ಹೀಗೆ ನಿಂತು ನಿಂತೇ ನಾನು ಬಹಳ ನೋಡಿದೆ.

ಅಲ್ಲಿ ಎಲ್ಲಕ್ಕೂ ಮೂಲ ಜರ್ಮೇನಿಯಂ. ಲೆನ್ಸ್ ಉಜ್ಜುವ ಕಾರ್ಖಾನೆಯಿಂದ ಅದರ ಒಡೆದ ಚೂರುಗಳು ಡಬ್ಬಿಯಲ್ಲಿ ಬರುತ್ತವೆ. ನೋಡಲು ಬೂದುಬಣ್ಣದ ಲೋಹ, ಥಳಥಳ ಹೊಳೆಯುತ್ತದೆ. ಆದರೆ ಬಿದ್ದರೆ ಲೋಹದಂತೆ ನೆಗ್ಗುವುದಿಲ್ಲ, ಗಾಜಿನಂತೆ ಒಡೆಯುತ್ತದೆ. ಕಾಣುವುದು ಒಂದು, ಇರುವುದು ಇನ್ನೊಂದು. ಒಂದು ದಿನ ಮೇಡಂ ಶಾಖವನ್ನು ನೋಡುವ ಕ್ಯಾಮೆರಾ ತಂದಿದ್ದರು. ಜರ್ಮೇನಿಯಂ ಬಿಲ್ಲೆಯನ್ನು ನನ್ನ ಕಣ್ಣಿಗೆ ಹಿಡಿದರೆ ತಟ್ಟೆ ಅಡ್ಡ ಹಿಡಿದಂತೆ, ಆಚೆ ಏನೂ ಇಲ್ಲ. ಅದೇ ಬಿಲ್ಲೆಯ ಹಿಂದೆ ಕೈ ಹಿಡಿಯಲು ಹೇಳಿದರು. ಕ್ಯಾಮೆರಾದ ಪರದೆಯ ಮೇಲೆ ನನ್ನ ಕೈ ಪೂರ್ತಿ ಕಂಡಿತು, ನಡುವೆ ಏನೂ ಇಲ್ಲವೇನೋ ಎಂಬಂತೆ! ಅಂಗೈ ಬೆಳ್ಳಗೆ ಉರಿಯುತ್ತಿತ್ತು, ಐದು ಬೆರಳ ತುದಿಗಳು ಮಾತ್ರ ಕಪ್ಪಗೆ. ತಣ್ಣೀರಿನಲ್ಲಿ ಇದ್ದ ಕೈ ಎಂದು ಕ್ಯಾಮೆರಾಕ್ಕೂ ಗೊತ್ತಾಯಿತು.

ಈ ಜರ್ಮೇನಿಯಂಗೆ ನಾಲ್ಕು ನೆಂಟರು. ಮೊದಲನೆಯದರ ಹೆಸರು ಫ್ಲೋರಿನ್, ಅದನ್ನು ಇಲ್ಲಿ ಹೊಸಿಲೊಳಗೆ ಬಿಡುವುದಿಲ್ಲ, ಅಷ್ಟು ಸಿಡುಕು. ಕ್ಲೋರಿನ್ ಜೊತೆ ಸೇರಿದರೆ ಜರ್ಮೇನಿಯಂ ನೀರಿನಂಥ ದ್ರವವಾಗುತ್ತದೆ, ಬಿರಡೆ ತೆಗೆದರೆ ಸಾಕು, ಬಾಟಲಿ ಬಾಯಿಂದ ಹೊಗೆ. ಬ್ರೋಮಿನ್ ಕಡುಕಂದು, ನೋಡಿದರೇ ಭಯ. ಆದರೆ ಜರ್ಮೇನಿಯಂ ಸಿಕ್ಕಿದ ಕೂಡಲೇ ಅದರ ಬಣ್ಣವೆಲ್ಲ ಇಳಿದು ತಿಳಿಯಾಗುತ್ತದೆ. ತಣ್ಣನೆಯ ಬೆಳಗಿನಲ್ಲಿ ಬಾಟಲಿಯೊಳಗೆ ಹರಳುಗಟ್ಟಿ ಕೂತಿರುತ್ತದೆ. ಮುಚ್ಚಿದ ಬಾಟಲಿಯನ್ನು ಎರಡು ಅಂಗೈ ನಡುವೆ ಸ್ವಲ್ಪ ಹೊತ್ತು ಹಿಡಿದರೆ ಕರಗುತ್ತದೆ. ಕಡೆಯದು ಅಯೋಡಿನ್, ನಮ್ಮ ಕಿತ್ತಳೆಯ ತಾಯಿ. ಕಾಯಿಸಿದರೆ ನೇರಳೆ ಹೊಗೆ ಏಳುತ್ತದೆ. ಆ ಹೊಗೆಯನ್ನು ಕುಲುಮೆಯಲ್ಲಿ ಕಾದ ಬೂದು ಚೂರುಗಳ ಮೇಲೆ ಹಾಯಿಸುತ್ತಾರೆ. ನಳಿಕೆಯ ಈ ತುದಿಯಲ್ಲಿ ನೇರಳೆ ಒಳಗೆ ಹೋಗುತ್ತದೆ, ಆ ತುದಿಯಲ್ಲಿ ಹೊರಬರುವುದು ಕೆಂಪು. ಫ್ಲಾಸ್ಕಿನಲ್ಲಿ ಕೂತು ಆರಿದ ಮೇಲೆ ಅದು ಕಿತ್ತಳೆ ಹರಳು. ನೇರಳೆಗೆ ಬೂದು ಬೆರೆಸಿದರೆ ಶಾಲೆಯ ಬಣ್ಣದ ಡಬ್ಬಿಯಲ್ಲಿ ಕೆಸರು ಬಣ್ಣ ಬರುತ್ತಿತ್ತಲ್ಲವೇ? ಇಲ್ಲಿ ಕಿತ್ತಳೆ ಎಲ್ಲಿಂದ ಬಂತು? ಆ ಪ್ರಶ್ನೆ ಬಾಯಿಗೆ ಬರಲು ನನಗೆ ಮೂರು ತಿಂಗಳು ಬೇಕಾಯಿತು. ಮೇಡಂ ಹೇಳಿದರು, ಇಲ್ಲಿ ಬಣ್ಣಕ್ಕೆ ಬಣ್ಣ ಬೆರೆಯೋದಿಲ್ಲ, ಎರಡೂ ಸೇರಿ ಮೂರನೆಯದೇ ಒಂದು ವಸ್ತು ಹುಟ್ಟುತ್ತೆ, ಅದಕ್ಕೆ ಅದರದೇ ಬಣ್ಣ. ನನಗೆ ಪೂರ್ತಿ ಅರ್ಥವಾಯಿತೆಂದು ಹೇಳಲಾರೆ. ಆದರೆ ಅಪ್ಪನ ಹಾಗೂ ಇಲ್ಲದ, ಅಮ್ಮನ ಹಾಗೂ ಇಲ್ಲದ ಮಕ್ಕಳು ಹುಟ್ಟುವುದುಂಟಲ್ಲ, ಹಾಗೆ ಇರಬೇಕು ಅಂದುಕೊಂಡೆ.

ಈ ಕಿತ್ತಳೆಗೆ ನೀರು ಕಂಡರೆ ಆಗದು. ಒಂದು ಹನಿ ತೇವ ತಾಕಿದರೂ ಅಯೋಡಿನ್ ಕೈಬಿಟ್ಟು ಹೋಗುತ್ತದೆ, ಹರಳಿನ ಮೇಲೆ ಬಿಳಿ ಪುಡಿಯ ಸಿಪ್ಪೆ ಏಳುತ್ತದೆ. ಆಮೇಲೆ ಅದು ಯಾವ ಕೆಲಸಕ್ಕೂ ಬಾರದು. ಇಷ್ಟು ನಿನಗೂ ಗೊತ್ತು. ಹೋದ ಮಳೆಗಾಲದಲ್ಲಿ ಒಂದರ ಮೇಲೊಂದು ಒಂಬತ್ತು ಸಲ ಬೆಳ್ಳಗಾದಾಗ, ತೊಳೆದವಳು ಫ್ಲಾಸ್ಕಿನಲ್ಲಿ ನೀರು ಉಳಿಸುತ್ತಿದ್ದಾಳೆ ಎಂದು ಮೇಡಂ ಕಿಂಡಿಯಲ್ಲಿ ನಿನಗೆ ಹೇಳಿದ್ದು, ನೀನು ಇಲ್ಲವೆಂದದ್ದು, ಅವರು ಅದನ್ನು ಪುಸ್ತಕದಲ್ಲಿ ಬರೆದದ್ದು, ನೀನು ಮರುದಿನದಿಂದ ಹೋಗದೇ ಇದ್ದದ್ದು, ಎಲ್ಲ ನಿನಗೆ ಗೊತ್ತಿರುವುದೇ. ಮುಂದಿನ ವಾರ ನಿನ್ನ ಜಾಗಕ್ಕೆ ನಾನು ಹೋದೆ. ನೀನು ಊರೇ ಬಿಟ್ಟೆ.

ನಾನು ಹೋದ ಮೇಲೆ ಒಂದು ಫ್ಲಾಸ್ಕೂ ಬೆಳ್ಳಗಾಗಲಿಲ್ಲ, ಅಕ್ಕ. ಎಂಟು ತಿಂಗಳು. ಮೇಡಂ ಹೊಗಳುವವರಲ್ಲ, ಆದರೂ ಎರಡು ಸಲ ತಲೆಯಾಡಿಸಿದರು. ಗಾಜು ಊದಿ ಸಾಮಾನು ಮಾಡುವ ಊದುತಾತ, ಚಿಕ್ಕವಳ ಕೈ ವಾಸಿ ಅಂತ ಯಾರೂ ಹೇಳ್ಬೇಡಿ, ಮಳೆ ಬರಲಿ ನೋಡೋಣ ಅಂದಿದ್ದ. ಆಗ ನನಗೆ ಅವನ ಮೇಲೆ ಕೋಪ ಬಂದಿತ್ತು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಎರಡನೇ ವಾರದ ಗುರುವಾರ ಕಿಂಡಿಯಲ್ಲಿ ಬಂದ ಫ್ಲಾಸ್ಕಿನೊಳಗೆ ಕಿತ್ತಳೆಯ ಮೇಲೆ ಬಿಳಿ ಸಿಪ್ಪೆ. ಅದರ ಹಿಂದೆಯೇ ಮೇಡಂ ಮುಖ. ಬೈಯಲಿಲ್ಲ. "ನೀನೂ ನಿಮ್ಮಕ್ಕನ ಹಾಗೇನಾ?" ಅಂದರು ಅಷ್ಟೆ. ಆ ಫ್ಲಾಸ್ಕನ್ನು ನಾನೇ ತೊಳೆದಿದ್ದೆ. ನೀನು ಹೇಳಿಕೊಟ್ಟ ಹಾಗೆ ಮೂರು ಸಲ ಜಾಲಿಸಿ, ನೀರು ಹನಿಹನಿಯಾಗಿ ನಿಲ್ಲದೆ ಒಂದೇ ಹಾಳೆಯಾಗಿ ಜಾರುವುದನ್ನು ನೋಡಿ, ರಾತ್ರಿಯಿಡೀ ಬಿಸಿ ಒಲೆಯಲ್ಲಿಟ್ಟು, ಬಿಸಿಯಿರುವಾಗಲೇ ಬಿರಡೆ ಹಾಕಿ, ಕುತ್ತಿಗೆಗೆ ದಾರ ಕಟ್ಟಿದ್ದೆ. ನಿನ್ನದು ಹಸಿರು ದಾರ, ನನ್ನದು ಬಿಳಿ. ಅದರಲ್ಲಿ ನೀರಿರಲಿಲ್ಲ. ನನ್ನ ಕೈಗೆ ಗೊತ್ತಿತ್ತು. ಹಾಗಿದ್ದರೆ ನಿನ್ನ ಕೈಗೂ ಗೊತ್ತಿತ್ತು. ಸಿಂಕಿನ ಅಂಚು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ನಲ್ಲಿ ತೆರೆದೇ ಇತ್ತು.

ಅಂದಿನಿಂದ ನನಗೆ ಒಂದೇ ಹುಚ್ಚು. ನೀರು ಫ್ಲಾಸ್ಕಿನಿಂದ ಬರದಿದ್ದರೆ ಎಲ್ಲಿಂದ ಬರುತ್ತದೆ? ಮೇಜು ಒರೆಸುವಾಗ ನಳಿಕೆಯ ಉದ್ದಕ್ಕೂ ಕಣ್ಣಾಡಿಸುತ್ತಿದ್ದೆ. ಫ್ಲಾಸ್ಕಿನ ಆಚೆ ಕೊನೆಯಲ್ಲಿ ಒಂದು ಗಾಜಿನ ಕೊಳವೆ ಇದೆ. ಹೊರಗಿನ ಗಾಳಿಯ ತೇವ ಒಳಗೆ ನುಗ್ಗದಂತೆ ಅದರೊಳಗೆ ಸಣ್ಣ ಸಣ್ಣ ಮಣಿ ತುಂಬಿರುತ್ತಾರೆ. ತೇವವನ್ನು ಆ ಮಣಿಗಳು ಕುಡಿಯುತ್ತವೆ, ಬಾಗಿಲು ಕಾಯುವವನ ಹಾಗೆ. ಪ್ರತಿ ಸೋಮವಾರ ಒಂಬತ್ತೂಕಾಲಿಗೆ ಮೇಡಂ ಹಳೆಯ ಮಣಿ ತೆಗೆದು ಹೊಸದು ಹಾಕುತ್ತಾರೆ. ಕುಲುಮೆಯ ಕಾವು ತಾಗದಿರಲೆಂದು ಆ ಕೊಳವೆಗೆ ಬೆಳ್ಳಿಹಾಳೆ ಸುತ್ತಿದ್ದಾರೆ. ನನ್ನ ಒರೆಸುವ ಬಟ್ಟೆ ಸಿಕ್ಕಿಕೊಂಡು ಆ ಹಾಳೆ ಒಂದು ಕಡೆ ಉಗುರಿನಷ್ಟು ಹರಿಯಿತು. ಹೆದರಿ ಬಗ್ಗಿ ನೋಡಿದೆ. ಒಳಗೆ ಗುಲಾಬಿ ಬಣ್ಣ. ಎಷ್ಟು ಚೆಂದವಿದೆ ಅನ್ನಿಸಿತು, ಅಷ್ಟೇ. ಆದರೆ ಸೋಮವಾರ ಮೇಡಂ ಹೊಸ ಮಣಿ ಸುರಿಯುವಾಗ ನೋಡಿದರೆ ಅವು ನೀಲಿ, ನಮ್ಮ ಶಾಲೆಯ ಶಾಯಿಯ ನೀಲಿ. ತೆಗೆದ ಹಳೆಯವು ಗುಲಾಬಿ, ತೇವ ಕುಡಿದು ವಾರದ ಕೊನೆಗೆ ಹಾಗಾಗುವುದು ಸಹಜವೆಂದು ಅವರ ಲೆಕ್ಕ.

ಬೆಳಗ್ಗೆ ಒಂದು ಸಲ, ಸಂಜೆ ಹೊರಡುವ ಮುಂಚೆ ಒಂದು ಸಲ ಆ ಹರಿದ ಜಾಗಕ್ಕೆ ಕಣ್ಣಿಟ್ಟೆ. ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ. ಸೋಮವಾರ ನೀಲಿ. ಮಂಗಳವಾರ ನೀಲಿ. ಬುಧವಾರ ಯಾವ ಬಣ್ಣವೆಂದು ಹೇಳಲಾಗದ ಬಣ್ಣ. ಗುರುವಾರ ಗುಲಾಬಿ. ಮಳೆ ಬಿಟ್ಟ ಒಂದು ವಾರ ಮಾತ್ರ ಶನಿವಾರದವರೆಗೂ ನೀಲಿಯೇ ಇತ್ತು. ಟಿಕೆಟಿನ ಇನ್ನೊಂದು ಮೂಲೆಯಲ್ಲಿ ಯಾವ ದಿನದ ಫ್ಲಾಸ್ಕ್ ಬೆಳ್ಳಗಾಯಿತು ಎಂದು ಬರೆದೆ. ಎಲ್ಲವೂ ಗುರುವಾರ, ಶುಕ್ರವಾರ, ಶನಿವಾರ. ಸೋಮವಾರದ್ದು ಒಂದೂ ಇಲ್ಲ. ನಾನು ಸೋಮವಾರ ಚೆನ್ನಾಗಿ ತೊಳೆದು ಗುರುವಾರ ಕೆಟ್ಟದಾಗಿ ತೊಳೆಯುತ್ತೇನೆಯೇ? ಹನ್ನೊಂದು ಟಿಕೆಟು ತುಂಬಿತು. ಊದುತಾತನಿಗೆ ಮಾತ್ರ ತೋರಿಸಿದೆ. ಅವನು ಕನ್ನಡಕ ಹಣೆಗೆ ಏರಿಸಿ ಒಂದೊಂದನ್ನೂ ನೋಡಿ, "ಎತ್ತಿಗೆ ಜ್ವರ ಬಂದಿದ್ದಕ್ಕೆ ಎಮ್ಮೆಗೆ ಬರೆ ಹಾಕಿದ್ರು ಕಣೇ. ಹೋಗಿ ಹೇಳು" ಅಂದ. ನೀನೇ ಹೇಳು ತಾತ ಅಂದೆ. "ನಾನು ಊದೋನು, ನೋಡಿದೋಳು ನೀನು" ಅಂದ.

ಹೇಳುವುದೆಂದರೆ ಏನು ಗೊತ್ತಾ ಅಕ್ಕ? ಆ ಹಾಳೆ ಸುತ್ತಿದ್ದು ಮೇಡಂ. ಸೋಮವಾರದ ಲೆಕ್ಕ ಇಟ್ಟಿದ್ದು ಮೇಡಂ. ನಿಮ್ಮಿಂದಲೇ ತಪ್ಪಾಗಿದೆ ಎಂದು ಪಾತ್ರೆ ತೊಳೆಯುವವಳು ಹೇಳಬೇಕು. ಕೆಲಸ ಹೋದರೆ ಅಮ್ಮನಿಗೆ ಏನು ಹೇಳಲಿ? ಹೇಳದಿದ್ದರೆ ನಿನಗೆ ಏನು ಬರೆಯಲಿ? ಹದಿನೈದು ದಿನ ಬಾಯಲ್ಲಿ ಮಾತು ಕಟ್ಟಿಕೊಂಡು ಹೋಗಿ ನುಂಗಿಕೊಂಡು ಬಂದೆ. ಕೊನೆಗೆ ಒಂದು ಗುರುವಾರ, ಮಾತು ಬಾರದಿದ್ದರೆ ಬೇಡವೆಂದು, ಅವರು ಬರುವ ಹತ್ತು ನಿಮಿಷ ಮುಂಚೆ ಬೆಳ್ಳಿಹಾಳೆಯನ್ನು ಪೂರ್ತಿ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಿಂತುಕೊಂಡೆ.

ಒಂಬತ್ತಕ್ಕೆ ಬಾಗಿಲು ತೆರೆಯಿತು. "ಇದನ್ನ ಯಾರು ಬಿಚ್ಚಿದ್ದು?" ಅಂದರು. ನಾನೇ ಬಿಚ್ಚಿದ್ದು ಅಂದೆ. ಅಷ್ಟರಲ್ಲಿ ಅವರ ಕಣ್ಣು ಕೊಳವೆಯ ಮೇಲೆ ಬಿತ್ತು. ಅಡಿಯಿಂದ ಮುಡಿಯವರೆಗೆ ಗುಲಾಬಿ, ಅದೂ ಗುರುವಾರಕ್ಕೇ. ಚೀಲ ಹೆಗಲಲ್ಲೇ ಇತ್ತು, ಹಾಗೇ ಕುರ್ಚಿಯಲ್ಲಿ ಕೂತರು. ನಾನು ಟಿಕೆಟುಗಳನ್ನು ಮುಂದಿಟ್ಟೆ. ಒಂದೊಂದನ್ನೇ ತಿರುಗಿಸಿ ಓದಿದರು. ನನ್ನ ಅಕ್ಷರಕ್ಕೆ ನಾಚಿಕೆಯಾಗುತ್ತಿತ್ತು. ಎಷ್ಟು ದಿನದಿಂದ ಇದು ನಿನಗೆ ಗೊತ್ತು ಅಂದರು. ಎರಡು ತಿಂಗಳಾಯಿತು ಅಂದೆ.

"ಮತ್ತೆ ಯಾಕೆ ಹೇಳಲಿಲ್ಲ?"

"ಅಕ್ಕ ಹೇಳಿದ್ದಳು ಮೇಡಂ, ನನ್ನ ಫ್ಲಾಸ್ಕಿನಲ್ಲಿ ನೀರಿರಲಿಲ್ಲ ಅಂತ. ಹೇಳಿದ್ದಕ್ಕೆ ಏನಾಯ್ತು ಅಂತ ನೋಡಿದ್ದೆನಲ್ಲ."

ಅಷ್ಟು ಉದ್ದದ ಮಾತು ನನ್ನ ಬಾಯಿಂದ ಹೇಗೆ ಬಂತೋ ಕಾಣೆ. ಮೇಡಂ ಕಪಾಟಿನಿಂದ ಹೋದ ವರ್ಷದ ಪುಸ್ತಕ ತೆಗೆದು, ಒಂಬತ್ತು ಸಲದ ತಾರೀಖುಗಳನ್ನು ಒಂದು ಕಡೆ ಬರೆದು, ಕ್ಯಾಲೆಂಡರ್ ಹಿಡಿದು ಯಾವ ವಾರವೆಂದು ನೋಡಿದರು. ಐದು ಗುರುವಾರ, ಮೂರು ಶುಕ್ರವಾರ, ಒಂದು ಶನಿವಾರ.

ಆದರೂ ಅವರಿಗೆ ಅಷ್ಟು ಸಾಕಾಗಲಿಲ್ಲ. ಕಣ್ಣಾರೆ ನೋಡದೆ ಒಪ್ಪುವುದು ಅವರ ಜಾಯಮಾನವಲ್ಲ. ಮಳೆ ಇನ್ನೂ ಇತ್ತು. ದಿನಾ ಬೆಳಗ್ಗೆ ಹೊಸ ನೀಲಿ ಮಣಿ ಹಾಕಿ ಒಂದು ವಾರ ನಡೆಸೋಣ, ಯಾವ ಫ್ಲಾಸ್ಕ್ ಇಡೋಣ ಅಂದರು. ಆಗ ಬಾಗಿಲಲ್ಲಿ ಊದುತಾತ ನಿಂತಿದ್ದ. ಅವನ ಕೈಯಲ್ಲಿ ಒಂದು ಉರುಟು ಫ್ಲಾಸ್ಕ್, ಕುತ್ತಿಗೆಗೆ ಹಸಿರು ದಾರ. ನೀನು ತೊಳೆದ ಕಡೆಯ ಫ್ಲಾಸ್ಕ್, ಅಕ್ಕ. ನೀನು ಬಿರಡೆ ಹಾಕಿ ಇಟ್ಟದ್ದನ್ನು ಅವನು ತನ್ನ ಬೀರುವಿನ ಮೇಲಿನ ಅರೆಯಲ್ಲಿ ಹಳೆಯ ಅಂಗಿಯಲ್ಲಿ ಸುತ್ತಿ ಇಟ್ಟಿದ್ದನಂತೆ. ಏನಾದರೂ ಮಾಡೋಣ ಅಂತ ಇಟ್ಟೆ, ಏನು ಮಾಡೋದು ಅಂತ ಗೊತ್ತಿರಲಿಲ್ಲ ಅಂದ. ಮತ್ತೊಮ್ಮೆ ಒಣಗಿಸಿ ತರುತ್ತೇನೆ ಎಂದು ನಾನು ಕೈ ಚಾಚಿದೆ. ಮೇಡಂ ಬೇಡ ಅಂದರು. ಅವಳು ಹೇಗೆ ಕೊಟ್ಟಿದ್ದಳೋ ಹಾಗೇ ಇಡಬೇಕು, ಆಗಲೇ ಗೊತ್ತಾಗೋದು.

ಸೋಮವಾರ ಶುರುವಾಯಿತು. ನೇರಳೆ ಒಳಗೆ ಹೋಯಿತು, ಕೆಂಪು ಬಂತು, ನಿನ್ನ ಫ್ಲಾಸ್ಕಿನಲ್ಲಿ ಕಿತ್ತಳೆ ಕೂತಿತು. ಗುರುವಾರ ಬೆಳಗ್ಗೆ ನಾನು ಏಳೂವರೆಗೇ ಹೋದೆ. ಹೊರಗೆ ಧಾರಾಕಾರ ಮಳೆ, ಗೋಡೆಯೆಲ್ಲ ಬೆವತಿತ್ತು. ಬೀಗ ತೆಗೆದು ಒಳಗೆ ಹೋಗಲು ಧೈರ್ಯವಾಗದೆ ಕಿಂಡಿಯಿಂದ ನೋಡಿದೆ. ನೀನು ನಿಲ್ಲುತ್ತಿದ್ದ ಜಾಗದಿಂದ. ಕಿತ್ತಳೆ ಕಿತ್ತಳೆಯಾಗಿಯೇ ಇತ್ತು. ಶುಕ್ರವಾರವೂ ಹಾಗೇ. ಶನಿವಾರವೂ. ನಿನ್ನೆ ಶನಿವಾರ ಸಂಜೆ ಐದಕ್ಕೆ ಮೇಡಂ ಹೋದ ವರ್ಷದ ಪುಸ್ತಕವನ್ನು ಮತ್ತೆ ತೆಗೆದರು. ಅಲ್ಲಿಯ ಪದ್ಧತಿ ನಿನಗೆ ಗೊತ್ತಿರಲಿಕ್ಕಿಲ್ಲ. ಆ ಪುಸ್ತಕದಲ್ಲಿ ಏನನ್ನೂ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಾಗಿದ್ದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ತೊಳೆದವಳ ದೋಷ ಎಂದು ಒಂಬತ್ತು ಕಡೆ ಬರೆದಿದ್ದರು. ಒಂಬತ್ತು ಕಡೆಯೂ ಸ್ಕೇಲ್ ಇಟ್ಟು ಗೆರೆ ಎಳೆದು, ತೊಳೆದದ್ದು ಸರಿಯಿತ್ತು, ಮಣಿ ಸಕಾಲದಲ್ಲಿ ಬದಲಿಸದಿದ್ದದ್ದು ನನ್ನ ತಪ್ಪು ಎಂದು ಬರೆದು ಒಂಬತ್ತು ಸಹಿ ಹಾಕಿದರು. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. ಐದೂಕಾಲಾಯಿತು. ಅವರು ತಡವಾಗಿ ಮನೆಗೆ ಹೋದದ್ದು ನಾನು ಕಂಡ ಮಟ್ಟಿಗೆ ಅದೇ ಮೊದಲು.

ಇನ್ನೊಂದು ಹೇಳಬೇಕು. ಹೋಗುವ ಮುಂಚೆ ಅವರು ನನಗೆ ಒಂದು ನಳಿಕೆ ತೋರಿಸಿದರು. ಕಿತ್ತಳೆಗೆ ಇನ್ನಷ್ಟು ಜರ್ಮೇನಿಯಂ ಕೊಟ್ಟು ಕಾಯಿಸಿದರೆ ಹಳದಿಯಾಗುತ್ತದೆ. ಆ ಹಳದಿಯನ್ನು ಮತ್ತೆ ಕಾಯಿಸಿದರೆ ಎರಡಾಗಿ ಒಡೆಯುತ್ತದೆ. ಕಿತ್ತಳೆ ಎದ್ದು ಆಚೆ ಹೋಗುತ್ತದೆ, ಗಾಜಿನ ಒಳಮೈಗೆ ಬೂದು ಜರ್ಮೇನಿಯಂ ತೆಳ್ಳಗೆ ಹತ್ತಿಕೊಳ್ಳುತ್ತದೆ, ಥೇಟ್ ಕನ್ನಡಿ. ಇಷ್ಟೆಲ್ಲ ಬಣ್ಣ ತಿರುಗಿ ಕೊನೆಗೆ ಹೊರಟಲ್ಲಿಗೇ ಬಂತಲ್ಲ ಎಂದು ಬೆರಗಾಗಿ ಬಗ್ಗಿ ನೋಡಿದೆ. ಅದರಲ್ಲಿ ಒಂದು ಮೂಗು ಉದ್ದಕ್ಕೆ ಕಂಡಿತು. ನಿನ್ನದೂ ಅದೇ ಮೂಗು. ನಗು ತಡೆಯಲಾಗಲಿಲ್ಲ.

ನಿನ್ನ ಫ್ಲಾಸ್ಕ್ ಈಗ ಕಿಟಕಿಯ ಅರೆಯ ಮೇಲಿದೆ, ಕಿತ್ತಳೆ ತುಂಬಿಕೊಂಡು, ಹಸಿರು ದಾರದ ಜೊತೆ. ಮೇಡಂ ನಿನ್ನ ವಿಳಾಸ ಕೇಳಿದರು, ತಾವೇ ಬರೆಯಬೇಕಂತೆ. ನಾನು ಕೊಟ್ಟಿಲ್ಲ, ನೀನು ಹೇಳಿದರೆ ಕೊಡುತ್ತೇನೆ. ಊದುತಾತ ಆ ಸಿಂಕು ಇಬ್ಬರಿಗೆ ಸಾಕಾಗುವಷ್ಟು ಅಗಲವಿದೆ ಎಂದು ಗಾಳಿಗೆ ಹೇಳಿಕೊಂಡು ಓಡಾಡುತ್ತಿದ್ದಾನೆ. ನೀನು ಬರಬೇಕೆಂದು ನಾನು ಕೇಳುವುದಿಲ್ಲ, ಕೇಳುವ ಹಕ್ಕು ನನಗಿಲ್ಲ. ಅಮ್ಮ ಕಿಟಕಿಯಿಂದ ಬೀದಿಗೆಲ್ಲ ಈಗಾಗಲೇ ಹೇಳಿಯಾಗಿದೆ, ನನ್ನ ದೊಡ್ಡವಳ ಕೈ ಶುದ್ಧ ಅಂತ. ಅವಳ ಆಶೀರ್ವಾದ ನಿನಗೆ. ಕೈ ನೋಡಿಕೋ. ಬಿಸಿ ಆವಿಯಿಂದ ಬಂದ ಕೂಡಲೇ ಚಳಿಗಾಳಿಗೆ ಹೋಗಬೇಡ.

ನಿನ್ನ ತಂಗಿ,
ಮೂಗಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಈಗ ಕಾಗದ ಮಡಚಿ ಅಂಟಿಸುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಡೆಯ ದಿನ ನೀನು ಕೆಲಸದಿಂದ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತು, ನನ್ನ ಫ್ಲಾಸ್ಕ್ ಒಣಗಿತ್ತು ಎಂದೆ. ಅಮ್ಮ ಸುಮ್ಮನಿದ್ದಳು. ಎಂದೂ ಬಾಯಿ ಬಿಡದ ನಾನು ಅಂದು ಬಿಟ್ಟೆ. ಅದನ್ನು ಕೆಳಗೆ ಬರೆದು ಮೇಲೆ ಗೆರೆ ಎಳೆದಿದ್ದೇನೆ. ಸ್ಕೇಲ್ ಇರಲಿಲ್ಲ, ಬಾಚಣಿಗೆಯ ಬೆನ್ನು ಇಟ್ಟೆ. ಒಂದೇ ಗೆರೆ, ಓದಲು ಬರುತ್ತದೆ. ಅಳಿಸುವಂತಿಲ್ಲವಲ್ಲ.

~~ಓದಿದೋರು ಸುಮ್ನೆ ಹೇಳ್ತಾರಾ ಅಕ್ಕ, ನಿಂದೇ ತಪ್ಪಿರುತ್ತೆ.~~

ತೊಳೆದದ್ದು ಸರಿಯಿತ್ತು. ತಪ್ಪು ನನ್ನದು. — ಮೂಗಿ, ಸೆಪ್ಟೆಂಬರ್ ೨೧